ಬೂದು ಕಾರ್ಡು

ಅರಸೀಕೆರೆ ಸ್ಟೇಷನ್ ರಸ್ತೆ, ಮೆಡಿಕಲ್ ಸ್ಟೋರಿನ ಮೇಲೆ
ನನ್ನ ಸ್ಟುಡಿಯೊ.
ಪಾಸ್‌ಪೋರ್ಟ್ ಅಳತೆ, ಎಂಟು ಪ್ರತಿ, ಅರವತ್ತು ರೂಪಾಯಿ.
ಹಗಲೆಲ್ಲ ಒಂದೇ ಮಾತು:
'ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಅಕ್ಕ.'
ಮಾಡಿಕೊಡುತ್ತೇನೆ.
ಹಾಲ್ ಟಿಕೆಟ್ಟಿಗೆ ಬಂದ ಹುಡುಗರನ್ನ,
ಗಂಡಿನ ಕಡೆಗೆ ಕಳಿಸಬೇಕಾದ ಹುಡುಗಿಯರನ್ನ,
ಕೊಬ್ಬರಿ ಮಂಡಿಯ ದಲ್ಲಾಳಿಯನ್ನ,
ಹನ್ನೊಂದನೇ ದಿನಕ್ಕೆ ಹಾರ ಹಾಕಲು ಬೇಕೆಂದು
ರೇಷನ್ ಕಾರ್ಡಿನಿಂದ ಎಬ್ಬಿಸಿ ತಂದ ಅಜ್ಜಿಯನ್ನ.

ಷಟರ್ ಎಳೆದ ಮೇಲೆ ಮಂಗಳ.
ಯಾರೂ ಹೇಳದ, ಯಾರೂ ಕಾಸು ಕೊಡದ ಕೆಲಸ.
ಗಾಡಿ ಅಲ್ಲಿಂದ ಕಳಿಸಿದ್ದು ಕಳಿಸಿದ ಹಾಗೇ ಬರುತ್ತದೆ,
ತೊಳೆಯದ ಸೊಪ್ಪಿನ ಹಾಗೆ, ಮಣ್ಣು ಸಮೇತ.
ಹಿಗ್ಗಿಸಿ ನೋಡಿದರೆ ಚೌಕಾಬಾರದ ಮನೆಗಳು:
ಕೆಂಪು ಒಂದು ಕಡೆ, ನೀಲಿ ಒಂದು ಕಡೆ, ಹಸಿರು ಎರಡು ಕಡೆ,
ಒಂದೇ ಕಲ್ಲಿಗೆ ಸೇರಿದವರು ತಾವೆಂದು
ಒಂದಕ್ಕೊಂದು ಗೊತ್ತೇ ಇಲ್ಲದೆ ಕೂತಿವೆ.

ಕೂಡಿಸುವವರು ನಾವು ಮೂವರು.
ಬೇಲೂರು ಡಿಪೊದ ಕಂಡಕ್ಟರು ಪರ್ವತಯ್ಯ
ನೈಟ್ ಹಾಲ್ಟಿನ ಊರಲ್ಲಿ ಟಿಕೆಟ್ ಲೆಕ್ಕ ಮುಗಿಸಿ
ಕೊನೇ ಸೀಟಿಗೆ ಬೆನ್ನು ಕೊಟ್ಟು
ಫೋನಿನಲ್ಲೇ ಅಂಚಿಗೆ ಅಂಚು ಹೊಂದಿಸುತ್ತಾನೆ.
ಕಡೂರಿನ ನಸ್ರೀನ್, ಕಾಲೇಜು ಲ್ಯಾಬಿನ ಸಹಾಯಕಿ.
ನೆರಳಿನ ಲೆಕ್ಕ ಅವಳದು.
'ಎಡಗಡೆ ಕಲ್ಲಿಗೆ ಎರಡು ನೆರಳು ಬಂದಿದೆ ಅಕ್ಕ,
ಸೂರ್ಯ ಅಲ್ಲಿಗೂ ಒಬ್ಬನೇ ತಾನೆ?'
ಹೌದು. ಎರಡು ಚಿತ್ರಗಳ ನಡುವೆ ಅಲ್ಲಿ ಕಾಲು ಗಂಟೆ ಸರಿದಿತ್ತು.
ಆ ಕಾಲು ಗಂಟೆಯನ್ನ ನಾನು ಮಡಿಚಿ ಹೊಲಿದುಬಿಟ್ಟಿದ್ದೆ.

'ಮೊದಲು ಬೂದು ಸರಿ ಮಾಡ್ಕೊ,
ಮಿಕ್ಕ ಬಣ್ಣ ತಾವೇ ದಾರಿಗೆ ಬರ್ತವೆ' ಅಂತಿದ್ದ ನಮ್ಮಪ್ಪ.
ಅವನ ಬೂದು ಕಾರ್ಡು ಇನ್ನೂ ಡ್ರಾಯರಿನಲ್ಲಿದೆ,
ಒಂದು ಮೂಲೆಗೆ ಹೈಪೊ ಕಲೆ.
ಗಾಡಿಯ ಬೆನ್ನ ಮೇಲೂ ಅಂಥದೊಂದು ಬಿಲ್ಲೆ:
ಬಣ್ಣದ ಚೂರು, ಬೂದು ಬಳೆ,
ನಡುವೆ ಒಂದು ಕಡ್ಡಿ, ಅದರ ನೆರಳು.
ಮೊದಲು ನೋಡಿದ ದಿನ
ಅತ್ತೆ ಮನೆಯ ಅಟ್ಟದಲ್ಲಿ ತವರಿನ ಚೊಂಬು ಕಂಡ ಹಾಗಾಯಿತು.
ಈಗ ಅದರ ಮೇಲೂ ಧೂಳು.
ಅಳತೆಗೋಲಿಗೇ ಊರಿನ ಬಣ್ಣ ಹತ್ತಿದರೆ
ಯಾವುದರಿಂದ ಯಾವುದನ್ನ ಅಳೆಯಲಿ?

ಒಂದು ರಾತ್ರಿ ಹಟಕ್ಕೆ ಬಿದ್ದು
ಆ ಧೂಳೇ ಬೂದು ಅಂದುಕೊಂಡೆ.
ಒಂದು ಕ್ಲಿಕ್ಕು. ಆಕಾಶ ನೀಲಿಗೆ ತಿರುಗಿತು,
ಬಂಡೆಗೆ ಬಂಡೆಯ ಕಳೆ ಬಂತು.
ಬೆಳಿಗ್ಗೆ ಚಹಾ ತಂದ ಹುಡುಗ ಬಗ್ಗಿ ನೋಡಿ
'ಹಿರೇಕಲ್ ಗುಡ್ಡದ ಹಿಂದ್ಗಡೆ ಅಲ್ವಾ ಇದು?' ಅಂದ.
ಹಿಗ್ಗಿಹೋದೆ.
ಇಷ್ಟು ಹತ್ತಿರ ಬಂದು ಕೂತಿದೆಯಲ್ಲ ಅಂತ.
ಆಮೇಲೆ, ಲೋಟ ತೊಳೆಯುವಾಗ ಹೊಳೆಯಿತು:
ಇದನ್ನೂ ಬೆಳ್ಳಗೆ ಮಾಡಿಬಿಟ್ಟೆ.
ಅದಂತೂ ಕೇಳಿರಲಿಲ್ಲ.

ಹಿಂದಕ್ಕೆ ತಂದೆ.
ಪಾಕ ಹತ್ತುವ ಮೊದಲಿನ ಬೆಲ್ಲದ ಬಣ್ಣದ ಆಕಾಶ,
ಮುಳುಗುವ ಸೂರ್ಯನ ಸುತ್ತ ಮಾತ್ರ ತೆಳು ನೀಲಿ.
'ಉಲ್ಟಾ ಆಗಿದೆ ನೋಡಿ ಮೇಡಂ' ಅಂದ ಪರ್ವತಯ್ಯ.
ಇಲ್ಲ ಮಾರಾಯ, ಅಲ್ಲಿ ಹಾಗೇ.

ಮೊನ್ನೆ ಮೂವತ್ತಾರು ಚೌಕಗಳಲ್ಲಿ ಒಂದು ಬರಲೇ ಇಲ್ಲ.
'ಪಕ್ಕದ ಮರಳನ್ನೇ ಎಳೆದು ಮುಚ್ಚೋಣ,
ಯಾರು ಹೋಗಿ ನೋಡ್ತಾರೆ?'
ನಸ್ರೀನಳಿಗೆ ಪರೀಕ್ಷೆ ಡ್ಯೂಟಿ, ಉತ್ತರ ಇಲ್ಲ.
ನಾನು ಕಪ್ಪಾಗೇ ಬಿಟ್ಟೆ,
ಹಾಲುಹಲ್ಲು ಬಿದ್ದ ಜಾಗದ ಹಾಗೆ.
ಮುಂದಿನ ಕಂತಿನಲ್ಲಿ ಬಂದರೂ ಬರಬಹುದು.
ಹಾಗೇ ಹಂಚಿದೆವು. ಯಾರೋ ದೂರದವರು
ಆ ಕಪ್ಪಿನ ಅಂಚಿಗೆ ಇನ್ನೊಂದು ಕಲ್ಲಿನ ತುದಿ ಗುರುತಿಸಿದರು.

ಇವತ್ತು ಬಾಣಾವರದಿಂದ ಒಬ್ಬಳು, ನರ್ಸಿಂಗ್ ಸೇರುವ ಹುಡುಗಿ.
ಗಲ್ಲದ ಕೆಳಗೆ ಈ ಕಾರ್ಡು ಹಿಡಿ ಅಂದೆ.
ಯಾಕೆಂದು ಕೇಳದೆ ಹಿಡಿದಳು.
ಪರದೆಯ ಮೇಲೆ ತನ್ನನ್ನ ತಾನು ಬಹಳ ಹೊತ್ತು ನೋಡಿ
'ಚೆನ್ನಾಗೇ ಇದೆ' ಅಂದಳು. 'ಆದ್ರೂ ಸ್ವಲ್ಪ...'

ಮಾಡಿಕೊಟ್ಟೆ. ಅರವತ್ತು ರೂಪಾಯಿ.
ಮೂಲ ಫೈಲು ಅಳಿಸಿಲ್ಲ.