ಸೊನ್ನೆ ಇರಬೇಕಾದ ಜಾಗ

ಮುರ್ಗಾಬಿನ ಬಜಾರಿನಲ್ಲಿ ಅಂಗಡಿಗಳೆಲ್ಲ ಹಡಗಿನ ಕಂಟೇನರುಗಳು.
ಸಮುದ್ರ ಕಾಣದ ಊರಿಗೆ ಹೇಗೆ ಬಂದವೋ,
ತುಕ್ಕನ್ನಂತೂ ಜೊತೆಗೇ ತಂದಿವೆ.
ನನ್ನದು ಕೊನೆಯದು, ನೀಲಿ.
ಬಾಗಿಲ ಮುಂದೆ ಶಾರ್‌ಬೆಕನ ಹಳೇ ಪಜೇರೊ
ಬೆಳಗಿನಿಂದ ಕಣ್ಣು ಹೊಡೆಯುತ್ತ ನಿಂತಿದೆ.

ಡ್ಯಾಶ್‌ಬೋರ್ಡಿನ ಪುಟ್ಟ ಚಿತ್ರದಲ್ಲಿ
ಹಿಂದಿನೆರಡು ಗಾಲಿ ಹಸಿರು, ನಿಶ್ಚಲ.
ಮುಂದಿನೆರಡು ಮಿಣುಕ್, ಮಿಣುಕ್,
ಬಂದೆ ಬಂದೆ ಎನ್ನುತ್ತಲೇ ಬಾರದ ನೆಂಟರ ಹಾಗೆ.

"ಓಶ್‌ನಲ್ಲಿ ಸ್ವಿಚ್ಚು ಬದಲಿಸಿದರು," ಎಂದ.
"ಆಮೇಲೆ ಸೊಲೆನಾಯ್ಡು. ಆಮೇಲೆ ಕಂಟ್ರೋಲ್ ಡಬ್ಬಿಯನ್ನೇ.
ಒಂದು ಹೋರಿಯ ದುಡ್ಡು ಹೋಯಿತು."
ಎತ್ತಿಗೆ ಜ್ವರ ಬಂದರೆ ಯಾಕ್‌ಗೆ ಬರೆ.
ಅನ್ನಲಿಲ್ಲ ನಾನು. ಗಿರಾಕಿ ಅತ್ತು ಮುಗಿಸುವ ತನಕ
ಮೆಕ್ಯಾನಿಕ್ಕು ಬಾಯಿ ತೆರೆಯಬಾರದು.

ಅಪ್ಪ ಓಡಿಸಿದ ಉವಾಜ್ ಜೀಪಿಗೆ ಈ ರಗಳೆ ಇರಲಿಲ್ಲ.
ಲಿವರ್ ಎಳೆದರೆ ಹಲ್ಲು ಹಲ್ಲು ಕಚ್ಚುತ್ತಿತ್ತು,
ಕಚ್ಚದಿದ್ದರೆ ಅಂಗೈಗೆ ಗೊತ್ತಾಗುತ್ತಿತ್ತು.
ಈಗ ಲಿವರ್ ಬರೀ ಅರ್ಜಿ ಗುಜರಾಯಿಸುತ್ತದೆ:
ಸ್ವಿಚ್ಚು ಅದನ್ನು ಡಬ್ಬಿಗೆ ಒಯ್ದು,
ಡಬ್ಬಿ ಸೊಲೆನಾಯ್ಡಿಗೆ ಅಪ್ಪಣೆ ಕೊಟ್ಟು,
ಸೊಲೆನಾಯ್ಡು ಗಾಳಿ ಹೀರುವ ನಳಿಕೆಗೆ ದಾರಿ ಬಿಟ್ಟು,
ನಳಿಕೆ ಎಳೆದು, ಆಕ್ಸಲ್ಲು ಕೂಡಿ,
ಕೂಡಿದ ಸುದ್ದಿ ಇನ್ನೊಂದು ತಂತಿ ಹಿಡಿದು
ದೀಪದ ತನಕ ವಾಪಸು ನಡೆದು ಬರಬೇಕು.
ಇಷ್ಟು ಜನರಲ್ಲಿ ಮಲಗಿದವರು ಯಾರು?

ಮೊದಲು ಕಿವಿ.
ಸೊಲೆನಾಯ್ಡು ಟಕ್ ಅನ್ನಬೇಕು,
ಅಂದದ್ದು ಮುದುಕನ ಕೆಮ್ಮು.
ಆಮೇಲೆ ಮೀಟರು. ಬ್ಯಾಟರಿ ಹನ್ನೆರಡೂವರೆ.
(ಊರಿಗೇ ಸಂಜೆ ಎರಡು ಗಂಟೆ ಕರೆಂಟು,
ಇವನ ಬಾನೆಟ್ಟಿನೊಳಗೆ ಇಡೀ ದಿನ.)
ಫ್ಯೂಸು ಸರಿ. ನಳಿಕೆ ಸರಿ,
ಹೆಬ್ಬೆರಳಿಟ್ಟರೆ ಕರುವಿನ ಹಾಗೆ ಹೀರುತ್ತದೆ.
ತಂತಿಗಳ ಓಮ್ ಅಳೆದೆ:
ಒಬ್ಬೊಬ್ಬರೂ ಸತ್ಯಸಂಧರು.

ಇಲ್ಲೇ ಓಶ್‌ನವರು ಮೋಸ ಹೋದದ್ದು.
ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ಕೊಳೆತರೂ
ಉಳಿದೊಂದು ಎದೆ ಸೆಟೆಸಿ
ನಾನಿದ್ದೇನಲ್ಲ ಅನ್ನುತ್ತದೆ, ಮೀಟರು ನಂಬುತ್ತದೆ.
ಖಾಲಿ ಕೂತವನನ್ನು ಚೆನ್ನಾಗಿದ್ದೀಯಾ ಅಂತ ಕೇಳಬಾರದು.
ಹೊರೆ ಹೊರಿಸಿ ಕೇಳಬೇಕು.

ಸೊಲೆನಾಯ್ಡನ್ನು ಕೆಲಸಕ್ಕೆ ಹಚ್ಚಿ
ಮೀಟರಿನ ಒಂದು ಮುಳ್ಳು ಬ್ಯಾಟರಿಯ ಋಣಕ್ಕೆ,
ಇನ್ನೊಂದು ಡಬ್ಬಿಯಿಂದ ನೆಲಕ್ಕಿಳಿವ ತಂತಿಗೆ.
ಸೊನ್ನೆ ಇರಬೇಕಾದ ಜಾಗ.
ಮೂರು ವೋಲ್ಟು, ಮೇಲೆ ಚಿಲ್ಲರೆ.

ತಂತಿಯ ಬೆನ್ನು ಹತ್ತಿ ಹೋದೆ,
ಎಡಸೀಟಿನ ಅಡಿಗೆ, ಕಂಬಳಿಯ ಅಡಿಗೆ, ರಬ್ಬರಿನ ಅಡಿಗೆ.
ಹಸಿರು ಪುಡಿ ಮೆತ್ತಿಕೊಂಡ ಒಂದು ಬೋಲ್ಟು.
ಮೂಸಿದೆ.
ಹಳಸಿದ ಹಾಲು.

"ಇಲ್ಲಿ ಯಾರು ಕೂರುತ್ತಾರೆ?"
ಶಾರ್‌ಬೆಕ್ ಬೆಟ್ಟ ನೋಡಿದ.
ಲಸಿಕೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ
ದನದ ಡಾಕ್ಟರು ಜೂರಕಾನ್ ಹೇಳಿದಳು:
"ಅಕ್‌ಬೈತಾಲ್ ಘಾಟಿಯ ಮೂರನೇ ತಿರುವಿನಲ್ಲಿ
ಪ್ರತಿ ಸಲ ಉಪ್ಪು ಚಹಾ ಚೆಲ್ಲುತ್ತೆ. ಹನ್ನೊಂದು ವರ್ಷ ಆಯಿತು.
ಇವನಿಗೇ ಬಗ್ಗಿಸಿ ಕೊಡುವಾಗ. ನಿಧಾನ ಮಾಡಲ್ಲ ಇವನು."
"ಲೋಟದ ತುಂಬ ಹಾಕಬೇಡ ಅಂತ ನಾನು..."
ಮುಂದಿನ ಮಾತಿಗೆ ನನ್ನ ಬಳಿ ಸ್ಪ್ಯಾನರು ಇರಲಿಲ್ಲ.

ಉಜ್ಜಿದೆ. ಹೊಸ ಲಗ್ಗು, ಗ್ರೀಸು.
ಬೋಲ್ಟನ್ನು ಒಂದು ಗೇಣು ಮೇಲಕ್ಕೆ ಹತ್ತಿಸಿದೆ,
ಚಹಾ ಏರಲಾರದ ಎತ್ತರಕ್ಕೆ.
ಟಕ್.
ನಾಲ್ಕೂ ಹಸಿರು.
ಜೂರಕಾನ್ ಫ್ಲಾಸ್ಕು ತೆರೆದು ನನಗೂ ಬಗ್ಗಿಸಿದಳು,
ಅರ್ಧ ಲೋಟ ಮಾತ್ರ.

ಅವರು ಹೋದ ಮೇಲೆ, ಬಿಸಾಡು ಅಂತ ಕೊಟ್ಟಿದ್ದ
ರಟ್ಟಿನ ಡಬ್ಬಿ ಬಿಚ್ಚಿದೆ. ಹಳೇ ಸ್ವಿಚ್ಚು, ಹಳೇ ಸೊಲೆನಾಯ್ಡು,
ಕಂಟ್ರೋಲ್ ಡಬ್ಬಿ. ಒಂದೊಂದಕ್ಕೂ ಬ್ಯಾಟರಿ ಮುಟ್ಟಿಸಿದೆ.
ಯಾವುದಕ್ಕೂ ಏನೂ ಆಗಿರಲಿಲ್ಲ.
ಒರೆಸಿ ಕಪಾಟಿನಲ್ಲಿಟ್ಟೆ.
ನಾಳೆ ಯಾರದೋ ಯಾಕ್‌ಗೆ
ನಿಜಕ್ಕೂ ಜ್ವರ ಬಂದೀತು.