ಕೊಸರು

ಬಾಷಾ ನಗರದ ಕೊನೆಯ ಮಂಡಕ್ಕಿ ಭಟ್ಟಿಯ ಹಿಂದೆ
ಹೊಟ್ಟಿನ ಚೀಲ ಪೇರಿಸುತ್ತಿದ್ದ ಕೋಣೆ
ಈಗ ನಮ್ಮ ಸಂಘದ ಆಫೀಸು.
ರಂಜಾನಿನಲ್ಲಿ ಜಕಾತಿನ ದುಡ್ಡು,
ಉಳಿದ ಹನ್ನೊಂದು ತಿಂಗಳು ಉದ್ರಿ.
ಮೆಟ್ಟಿಲು ಕಿತ್ತು ಇಳಿಜಾರು ಕಟ್ಟಿದ್ದು
ಕೆಡವಿದ ಭಟ್ಟಿಯ ಹಳೇ ಇಟ್ಟಿಗೆಯಲ್ಲಿ.
ಮಳೆ ಹಿಡಿದರೂ ಅದು ಬೆಚ್ಚಗೇ ಇರುತ್ತದೆಂದು
ಅಂಗೈ ಊರಿ ತೆವಳಿ ಬರುವ ತಿಪ್ಪೇಶಿ
ಆಣೆ ಮಾಡಿ ಹೇಳುತ್ತಾನೆ.

ಬಾಗಿಲ ಪಕ್ಕ ಚಮನ್‌ಬಿ, ನಮ್ಮ ಅಧ್ಯಕ್ಷೆ.
ಕಣ್ಣಿಲ್ಲ. ಹಾಜರಿ ಪುಸ್ತಕವೂ ಬೇಕಿಲ್ಲ.
ಕಟಕ್ ಎಂದರೆ ಕೊಟ್ರಮ್ಮನ ಕ್ಯಾಲಿಪರ್ರು,
ಕಿರ್ರೆಂದರೆ ದಾದಾಪೀರನ ಮೂರುಗಾಲಿ;
"ಎಣ್ಣಿ ಬಿಡೋ, ಮಂಡಿಪೇಟೆಗಂಟ ಕೇಳ್ತೈತಿ."

ನಾನು ಅರ್ಜಿ ಬರೆಯುವವನು.
ಎಡಗೈ ಹತ್ತಿ ಗಿರಣಿಗೆ ಹೋಯಿತು,
ಬಲಗೈಯ ಅಕ್ಷರ ದುಂಡಗಿದೆ.

ಈ ಮಂಗಳವಾರ ಖೈರುನ್ ಬಂದಳು,
ಹಿಂದೆ ಹದಿನೇಳರ ಮಗ.
ಆಧಾರಿನಲ್ಲಿ ಇನಾಯತುಲ್ಲ,
ರೇಷನ್ ಕಾರ್ಡಿನಲ್ಲಿ ಇನೈತುಲ್ಲಾ,
ಶಾಲೆಯ ದಾಖಲೆಯಲ್ಲಿ ಎಂ. ಎನಾಯತ್.
ಮೂರು ಕಾಗದ, ಮೂರು ಹೆಸರು.
ಹುಡುಗ ಮೂರರಲ್ಲಿ ಒಂದನ್ನೂ ಕೇಳಿಲ್ಲ.

ಭಟ್ಟಿಯಲ್ಲಿ ಉಳಿದವರು ಚಟಪಟ ಕೇಳಿ ಜರಡಿ ಎತ್ತಿದರೆ
ಇವನು ಮರಳಿನ ಬಣ್ಣ ನೋಡಿ ಎತ್ತುತ್ತಾನೆ.
ಇವನ ಒಬ್ಬೆ ಸೀದಿದ್ದಿಲ್ಲವೆಂದು ಮಾಲೀಕನೇ ಹೇಳಿದ್ದಾನೆ.
ಕಾರ್ಡಿಗೆ ಶೇಕಡಾ ನಲವತ್ತು ಬೇಕು.
ಆಸ್ಪತ್ರೆಯ ಚೀಟಿಯಲ್ಲಿ ಮೂವತ್ತೆಂಟು.

"ಆ ಎರಡು ಎಲ್ಲಿಟ್ರಂತೆ?" ಅಂದಳು ಚಮನ್‌ಬಿ.

ಖೈರುನ್ ಮಗನ ಬೆರಳು ಓದುತ್ತ ಓದುತ್ತ ಹೇಳಿದಳು:
ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿದರಂತೆ,
ಕಿವಿಗೆ ಏನೋ ಹಾಕಿದರಂತೆ,
ಆಚೆ ಕೂತ ಹುಡುಗಿ ಗುಂಡಿ ಒತ್ತುವಾಗ
ಅವಳ ಹುಬ್ಬು ಒಂಚೂರು ಏಳುತ್ತಿತ್ತಂತೆ.
ಎದ್ದಾಗೆಲ್ಲ ಇವನು ಕೈ ಎತ್ತಿದ.
ಪರೀಕ್ಷೆ ಅಂದುಕೊಂಡ.
ಶಾಲೆಯಲ್ಲಿ ಒಂದೂ ಪಾಸಾಗಿರಲಿಲ್ಲ,
ಇದಾದರೂ ಆಗಲಿ ಅಂದುಕೊಂಡ.

ತಿಪ್ಪೇಶಿ ನಕ್ಕ. ಕೊಟ್ರಮ್ಮ ನಕ್ಕಳು.
ಎಲ್ಲರ ಹಲ್ಲು ನೋಡಿ ಹುಡುಗನೂ ನಕ್ಕ.
ಚಮನ್‌ಬಿ ಮಾತ್ರ ತಡಕಿ ತಡಕಿ ಅವನ ಮುಖ ಹಿಡಿದು
ಎರಡೂ ಕಣ್ಣಿನ ಮೇಲೆ ಅಂಗೈ ಇಟ್ಟಳು:
ಮುಂದಿನ ಸಲ ಹೀಗೆ ಕೂತ್ಕಾ.
ಅವಳ ಬೆರಳಲ್ಲಿ ಖಾರದ ವಾಸನೆ ಇದ್ದಿರಬೇಕು,
ಹುಡುಗ ಸೀನಿದ.

ಚಹಾದ ಹೊತ್ತಿಗೆ ಭಟ್ಟಿಯಿಂದ ಬಿಸಿ ಮಂಡಕ್ಕಿ ಬಂತು.
ತಕ್ಕಡಿಗೆ ಹಾಕಿದರೆ ಮಂಡಕ್ಕಿ ಏನು ತೂಗೀತು?
ಅದನ್ನು ಸೇರಿನಲ್ಲೇ ಅಳೆಯಬೇಕು.
ಚಮನ್‌ಬಿ ಸೇರು ತುಂಬಿ,
ತಲೆ ಸವರಿದ ಹಾಗೆ ಮೇಲೆ ಸವರಿ,
ಖೈರುನ್ ಸೆರಗಿಗೆ ಸುರಿದು
ಕೊಸರೆಂದು ಇನ್ನೊಂದು ಬೊಗಸೆ ಹಾಕಿದಳು.
ಅರ್ಧ ನೆಲದ ಪಾಲಾಯಿತು.

ನಾನು ಮರುಪರೀಕ್ಷೆಯ ಅರ್ಜಿ ಬಿಡಿಸಿ
'ಹೆಸರು' ಎಂಬಲ್ಲಿ ಪೆನ್ನು ಊರಿ ಕೂತೆ.
ಮೂರರಲ್ಲಿ ಯಾವುದು ಬರೆದರೂ
ಇನ್ನೆರಡಕ್ಕೆ ಅಫಿಡವಿಟ್ಟು,
ನೋಟರಿಗೆ ನೂರೈವತ್ತು.
ಹೊರಗೆ ಮಬ್ಬಾಗುತ್ತಿತ್ತು. ಖೈರುನ್ ಎದ್ದಳು.
ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತವನ
ಹೆಗಲ ಮೇಲೆ ಬೆರಳಿನಿಂದ
ಎರಡು ಸಲ ತಟ್ಟಿದಳು.

ಅವನು ತಿರುಗಿದ.