ಎರಡು ಬಕೀಟು

ಹಲ್ಲುನೋವಿನವರು ಮೀನು ನೋಡುತ್ತಾ ಕೂರುತ್ತಾರೆ.
ಕೆನ್ನೆಗೆ ಕರ್ಚೀಫು ಒತ್ತಿಕೊಂಡವರು,
ಬಾಯಿ ತೆರೆಯಲಾಗದವರು ಕೂಡ
ಇದೊಂದನ್ನು ಕೇಳದೆ ಬಿಡುವುದಿಲ್ಲ:
ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?

ಹದಿನೈದು ದಿನಕ್ಕೆ, ಎರಡು ಬಕೀಟು,
ಅನ್ನುತ್ತೇನೆ, ಚೀಟಿ ಬರೆಯುತ್ತಲೇ.
ಅಷ್ಟೇನಾ? ಹೊನ್ನಾಳಿ ಕಡೆಯ ಅಜ್ಜಿ ಮೂಗು ಮುರಿದಳು.
ನಾವು ಎಮ್ಮೆ ಬಾನಿನೇ ದಿನಾ ತೊಳಿತೀವಲ್ಲೇ ತಾಯಿ.

ಇನ್ನೂರು ಲೀಟರಿನ ಸಮುದ್ರ ಇದು,
ಪಿ.ಬಿ. ರೋಡಿನ ಮೊದಲ ಮಹಡಿಯಲ್ಲಿ,
ಕೆಳಗೆ ಟೈರಿನಂಗಡಿ.
ಎರಡು ಕಿತ್ತಳೆ ಮೀನು, ಹಳದಿಯದೊಂದು,
ಕಲ್ಲಿನ ಸಂದಿಯಿಂದ ಮೀಸೆ ಮಾತ್ರ ತೋರಿಸುವ ಸೀಗಡಿ.
ನಲ್ಲಿ ಬರುವುದು ಗುರುವಾರ.
ಆ ನೀರನ್ನು ಹಾಗೇ ಹಾಕುವಂತಿಲ್ಲ.
ಫಿಲ್ಟರಿಗೆ ಹಾಯಿಸಿ, ಬಕೀಟಿಗೆ ಅರ್ಧ ಕೇಜಿ,
ಮೇಲೊಂದು ಚಿಟಿಕೆ ಉಪ್ಪು ಸುರಿದು
ರಾತ್ರಿಯೆಲ್ಲ ಮೋಟರು ತಿರುಗಲು ಬಿಟ್ಟು
ಕೊನೆಯ ಸಿಟಿ ಬಸ್ಸು ಹಿಡಿಯುತ್ತೇನೆ.

ಏಪ್ರಿಲ್ಲಿನ ಝಳಕ್ಕೆ
ಗಾಜಿನ ಮೇಲಿನ ಗೆರೆ ದಿನಕ್ಕೊಂದು ಅಕ್ಕಿಕಾಳಷ್ಟು ಇಳಿಯುತ್ತದೆ.
ಆಗ ತುಂಬಬೇಕಾದ್ದು ಸಿಹಿನೀರು.
ಹೋದದ್ದು ನೀರು ಮಾತ್ರ,
ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ತುಂಬುವುದು ಬೇರೆ, ಬದಲಾಯಿಸುವುದು ಬೇರೆ.

ಮೊದಲ ವರ್ಷ ಇದೆಲ್ಲ ಗೊತ್ತಿರಲಿಲ್ಲ.
ಡಾಕ್ಟರ ಮಗಳ ಹುಟ್ಟುಹಬ್ಬಕ್ಕೆ ಫಳಫಳ ಹೊಳೆಯಲಿ ಅಂತ
ಪೂರಾ ಚೆಲ್ಲಿ,
ಕಲ್ಲುಗಳನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ,
ಎಲ್ಲ ಹೊಸದು ತುಂಬಿದೆ.
ಬಂದವರೆಲ್ಲ ಹೊಗಳಿದರು.
ಮೂರನೆಯ ದಿನ ಹಳದಿ ಮೀನು ಮಗ್ಗುಲಾಗಿ ತೇಲಿತು.
ಹಾಲಸ್ವಾಮಿ ಡಾಕ್ಟರು ಬೈಯಲಿಲ್ಲ.
ಎಕ್ಸ್‌ರೇ ನೋಡುವ ಬೆಳಕಿಗೆ ಪರೀಕ್ಷೆಯ ನಳಿಕೆ ಹಿಡಿದು
ಬಹಳ ಹೊತ್ತು ನಿಂತರು, ಅಷ್ಟೆ.
ಈಗಿರುವ ಹಳದಿ ಎರಡನೆಯದು.

ಮೊನ್ನೆ ಅಬ್ಬಾ ದವಡೆಹಲ್ಲು ಕೀಳಿಸಲು ಬಂದ.
ನಲವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ
ಅಕ್ಕಿಗೆ ಉಪ್ಪುನೀರು ಕಲಸಿದ ಕೈ,
ಬೆರಳ ಸಂದಿಗಳು ಇನ್ನೂ ಬಿಳಿಚಿಕೊಂಡಿವೆ.
ಅವನು ಕಂಡ ದೊಡ್ಡ ನೀರೆಂದರೆ ಸೂಳೆಕೆರೆ.
ಯಾರೂ ನೋಡದ ಹೊತ್ತಲ್ಲಿ ಮುಚ್ಚಳ ಸರಿಸಿ
ತೋರುಬೆರಳು ಅದ್ದಿ ಚೀಪಿದ,
ಕಣ್ಣು ಮುಚ್ಚಿದ.
ಜಾಸ್ತಿ ಆಗೇತಿ ಶಮೀಮಾ.
ಇಷ್ಟು ಹಾಕಿದ್ರೆ ಮಂಡಕ್ಕಿ ಯಾರೂ ಒಯ್ಯಂಗಿಲ್ಲ.
ಮೀನಿಗೆ ಇಷ್ಟು ಬೇಕಂತೆ ಅಬ್ಬಾ.
ಮೀನು ಹೇಳ್ತೇನು?

ಪೂರಾ ಚೆಲ್ಲಿದ ಕಥೆ ಹೇಳಿದೆ, ಅವನಿಗೇ ಮೊದಲು.
ಆಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ.
ಭಟ್ಟಿ ಮರಳೂ ಹಂಗೇ ಅಂದ.
ಕರಿ ಆದದ್ದು ಒಂದು ಬುಟ್ಟಿ ತೆಗಿ, ಹೊಸದು ಒಂದು ಬುಟ್ಟಿ ಹಾಕು.
ಉಳಿದದ್ದಕ್ಕೆ ಕೈ ಹಚ್ಚಬ್ಯಾಡ.
ಬರೀ ಹೊಸ ಮರಳಿಗೆ ಅಕ್ಕಿ ಸುರಿದ್ರೆ
ಅರಳಂಗಿಲ್ಲ, ಸಿಡಿತೈತಿ. ನನ್ನ ಮುಖಕ್ಕೇ ಸಿಡಿದಿತ್ತು,
ನೀನಿನ್ನೂ ತೊಟ್ಟಿಲಾಗಿದ್ದಿ.
ಹುಬ್ಬಿನ ಮೇಲಿನ ಆ ಕಲೆ,
ನಾನು ಸಿಡುಬೆಂದೇ ತಿಳಿದಿದ್ದೆ.

ಒಳಗಿಂದ ಕರೆ ಬಂತು.

ಹತ್ತಿ ಕಚ್ಚಿಕೊಂಡು ಹೊರಬಂದ.
ಹಿಂದೆಯೇ ಡಾಕ್ಟರು: ನಾಳೆಯಿಂದ ಉಗುರುಬೆಚ್ಚನೆ ಉಪ್ಪುನೀರು,
ದಿನಕ್ಕೆ ಮೂರು ಸಲ ಮುಕ್ಕಳಿಸಬೇಕು.
ಎಷ್ಟು ಉಪ್ಪು? ಅಬ್ಬಾ ಕೈಸನ್ನೆಯಲ್ಲೇ ಕೇಳಿದ.
ಅರ್ಧ ಚಮಚ ಅಂದರು.
ಅಬ್ಬಾ ನನ್ನ ಕಡೆ ನೋಡಿದ. ಬಾಯಿ ಕಟ್ಟಿತ್ತು,
ಕಣ್ಣು ಮಾತ್ರ ನಗುತ್ತಿತ್ತು.

ಅವನನ್ನು ಆಟೋ ಹತ್ತಿಸಿ ಬಂದೆ.
ಗುರುವಾರಕ್ಕೆ ಇನ್ನೂ ಎರಡು ದಿನ.
ಗೆರೆ ಒಂದು ಕಾಳಷ್ಟು ಇಳಿದಿತ್ತು.
ಒಂದು ಲೋಟ ಸಿಹಿನೀರು
ಅಂಚಿನಿಂದ ಮೆಲ್ಲಗೆ ಬಿಟ್ಟೆ.